ಕಕ್ಕೆ ಮರದ ಬುಡಕ್ಕೆ ಒಂದು ಮೀಟರ್ ಮಣ್ಣು ಬಿಡಿಸಿ: ನಮ್ಮ ವಾರ್ಡಿನ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಮೂರು ಅರ್ಜಿ ಕೊಟ್ಟೆ. ಎರಡು ಸಲ ತಮ್ಮ ಮನೆ ಬಾಗಿಲಿಗೆ ಬಂದೆ. "ನೋಡೋಣ ಅಮ್ಮಾ" ಎಂದಿರಿ. ನೋಡಲು ಯಾರೂ ಬರಲಿಲ್ಲ. ಇನ್ನು ದುರ್ಗದ ಜನರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಬೀದಿಯ ಕಕ್ಕೆ ಮರದ ಬುಡಕ್ಕೆ ಸುರಿದ ಕಾಂಕ್ರೀಟ್ ಒಡೆಸಿ, ಸುತ್ತ ಒಂದು ಮೀಟರ್ ಮಣ್ಣು ಬಿಡಿಸಿ.

ಆ ಮರ ಬೀಜದಿಂದ ಬಂದದ್ದು. ಹೊಸದುರ್ಗದ ಕಡೆಯ ನನ್ನ ತವರಿನ ಹೊಲದ ಬದುವಿನಿಂದ ಮೊಳದುದ್ದದ ಕರಿಕಾಯಿಗಳನ್ನು ಆರಿಸಿ ತಂದಿದ್ದೆ. ಒಡೆದರೆ ಒಳಗೆ ಬಿಲ್ಲೆಯಂಥ ತೆಳು ಗೋಡೆಗಳು, ಅಂಟಂಟಾದ ಕಪ್ಪು ತಿರುಳು, ಒಂದೊಂದು ಕೋಣೆಗೆ ಒಂದೊಂದು ಬೀಜ. ಮೊದಲ ವರ್ಷ ಬರೀ ನೆನೆಸಿ ಊರಿದ ಇಪ್ಪತ್ತರಲ್ಲಿ ಒಂದೂ ಮೊಳೆಯಲಿಲ್ಲ. ಆ ಬೀಜದ ಗಟ್ಟಿ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ ಎಂದು ಆಮೇಲೆ ತಿಳಿಯಿತು. ಮರುವರ್ಷ ಒಂದೊಂದನ್ನೇ ಒರಳುಕಲ್ಲಿನ ಅಂಚಿಗೆ ಉಜ್ಜಿದೆ. ಬೀಜದ ಜೊತೆ ನನ್ನ ಉಗುರೂ ಸವೆಯಿತು. ರಾತ್ರಿ ನೆನೆಹಾಕಿದರೆ ಬೆಳಗ್ಗೆ ಉಬ್ಬಿ ಕೂತಿದ್ದವು. ಹಾಲಿನ ಕವರಿನಲ್ಲಿ ಮೊಳೆತ ಏಳರಲ್ಲಿ ಆಡಿನ ಬಾಯಿ, ಬಿಸಿಲು ತಪ್ಪಿಸಿಕೊಂಡು ಮರವಾದದ್ದು ಎರಡು. ನಲ್ಲಿ ಬಾರದ ದಿನ ಅಕ್ಕಿ ತೊಳೆದ ನೀರನ್ನೇ ಹೊತ್ತು ಹಾಕಿದೆ. ಎಂಟನೆಯ ವರ್ಷ, ಕಳೆದ ಏಪ್ರಿಲ್‌ನಲ್ಲಿ, ಬಂಡೆ ಕಾದು ಊರು ಬೇಯುವಾಗ ಮೊದಲ ಹಳದಿ ಗೊಂಚಲು ಇಳಿಬಿತ್ತು. ಹೂ ಮಾರುವ ಅಜ್ಜಿ ಬುಟ್ಟಿ ತಂದು ಅದರ ಕೆಳಗೇ ಇಟ್ಟುಕೊಂಡರು.

ಜೂನ್‌ನಲ್ಲಿ ಚರಂಡಿ ಕೆಲಸ ಬಂತು. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಒಂದು ಮರವನ್ನು ಜೆಸಿಬಿ ಬೇರುಸಮೇತ ಕಿತ್ತು ಟ್ರ್ಯಾಕ್ಟರಿಗೆ ಹಾಕಿತ್ತು. "ಆರ್ಡರ್ ಇದೆ" ಎಂದ ಮೇಸ್ತ್ರಿ, ತೋರಿಸಪ್ಪ ಎಂದರೆ ಮುಖ ತಿರುಗಿಸಿದ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನಿಮಗೆ ನಾನು ಓದಿ ಹೇಳಬೇಕೇ? ವೃಕ್ಷ ಅಧಿಕಾರಿಯ ಅನುಮತಿ ಎಲ್ಲಿ? ಆ ಕಾಗದವನ್ನು ಇವತ್ತಿಗೂ ಯಾರೂ ನನ್ನ ಕಣ್ಣಿಗೆ ತೋರಿಸಿಲ್ಲ.

ಉಳಿದ ಮರದ ತೊಗಟೆಗೆ ತಾಗುವಂತೆ ಕಾಂಕ್ರೀಟ್ ಸುರಿದು ಹೋದರು. ಮಳೆನೀರು ಬುಡಕ್ಕೆ ಇಳಿಯದೆ ನೇರ ಚರಂಡಿಗೆ ಓಡುತ್ತಿದೆ. ಕಕ್ಕೆ ಎಲೆ ಉದುರಿಸುವುದು ಬೇಸಿಗೆಯಲ್ಲಿ. ಇದು ಮಳೆಗಾಲದಲ್ಲೇ ಹಳದಿಯಾಗಿ ಉದುರುತ್ತಿದೆ. ದಿನಾ ಬೆಳಗ್ಗೆ ಆ ಎಲೆಗಳನ್ನು ಗುಡಿಸುವವಳು ನಾನು. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದೆ. ದೆಹಲಿಯ ಮರದ ಬೇರಿಗೆ ಬೇಕಾದ ಗಾಳಿ, ನೀರು ದುರ್ಗದ ಮರದ ಬೇರಿಗೆ ಬೇಡವೇ?

ಹಿಂಗಾರು ಮಳೆಗೆ ಮುಂಚೆ ಒಡೆಸಿ, ಸ್ವಾಮಿ. ಇಬ್ಬರು ಆಳಿಗೆ ಅರ್ಧ ದಿನದ ಕೆಲಸ. ಒಂದು ಮೀಟರ್ ಮಣ್ಣು, ಅಷ್ಟೇ. ಆಳು ಇಲ್ಲವೆಂದರೆ ಲಿಖಿತ ಅನುಮತಿ ಕೊಡಿ, ಗುದ್ದಲಿ ಹಾರೆ ನಾನೇ ಹಿಡಿಯುತ್ತೇನೆ. ಹೋದ ಮರದ ಜಾಗಕ್ಕೆ ನೆಡಲು ಹೊಸ ಬೀಜ ಈಗಾಗಲೇ ಉಜ್ಜಿ ನೆನೆಹಾಕಿದ್ದೇನೆ.

ಇಂತಿ,
ನಿಮ್ಮ ವಾರ್ಡಿನ ಮತದಾರಳು, ಚಿತ್ರದುರ್ಗ