ಹಿರಿಯರ ಬಳಿಗೇ ಲಸಿಕೆ ತಂದವರಿಗೆ ನಮ್ಮ ಕೃತಜ್ಞತೆಗಳು

ಹಿಂದಿನ ಫ್ಲೂ ಋತುವಿನಲ್ಲಿ ನಮ್ಮ ತಂದೆಯವರು, ಜ್ವರ ಇಳಿಯಿತು ಎಂದು ಮನೆಯವರೆಲ್ಲ ನಿಟ್ಟುಸಿರು ಬಿಡುವಷ್ಟರಲ್ಲಿ ನ್ಯುಮೋನಿಯಾಕ್ಕೆ ತುತ್ತಾಗಿ, ಆಸ್ಪತ್ರೆಯಲ್ಲಿ ಆಕ್ಸಿಜನ್ ನೆರವಿನಿಂದ ಉಸಿರಾಡಿ ಬದುಕಿ ಬಂದವರು. ಈ ಸಲದ ಋತುವನ್ನು ಅವರು ಕ್ಷೇಮವಾಗಿ ದಾಟಿದ್ದಾರೆ. ಲಸಿಕೆಯೊಂದೇ ಇದಕ್ಕೆ ಕಾರಣವೆಂದು ಸಾಧಿಸಲಾರೆ. ಆದರೆ ನಮ್ಮ ಬಡಾವಣೆಯ ಲಸಿಕಾ ಶಿಬಿರವನ್ನು ನಡೆಸಿದವರಿಗೆ ನಮ್ಮ ಕುಟುಂಬ ಋಣಿಯಾಗಿದೆ ಎಂಬುದನ್ನು ಎಲ್ಲರೆದುರು ಹೇಳಲೇಬೇಕು.

ಫ್ಲೂಗೊಂದು, ನ್ಯುಮೋನಿಯಾಕ್ಕೊಂದು ಎಂದು ಎರಡು ಲಸಿಕೆ ಏಕೆ ಎಂದು ಕೇಳಿದವರಿಗೆಲ್ಲ ಶಿಬಿರದ ವೈದ್ಯರು ಬೇಸರವಿಲ್ಲದೆ ವಿವರಿಸಿದರು. ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನು ಹಾಳುಗೆಡವಿದಾಗ, ಗಂಟಲಲ್ಲಿ ಸುಮ್ಮನಿದ್ದ, ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯುವುದು ಸುಲಭವಾಗುತ್ತದೆ. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಬಲಿ ತೆಗೆದುಕೊಂಡದ್ದು ಹೀಗೆ ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಅದರ ಲಸಿಕೆಯನ್ನು ಪ್ರತಿ ವರ್ಷವೂ ಪಡೆಯಬೇಕು, ನ್ಯುಮೋನಿಯಾ ಲಸಿಕೆಗೆ ಹಾಗೆ ವರ್ಷ ವರ್ಷ ಬರಬೇಕಾಗಿಲ್ಲ ಎಂಬುದೂ ನಮಗೆ ಅಲ್ಲಿಯೇ ಸ್ಪಷ್ಟವಾಯಿತು. ಲಸಿಕೆಯಿಂದಲೇ ಫ್ಲೂ ಬರುತ್ತದೆ ಎಂದು ಹೆದರಿದ್ದ ಅಜ್ಜಿಯೊಬ್ಬರಿಗೆ, ಈ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲ, ತೋಳು ನೋವು ಅಥವಾ ಸಣ್ಣ ಜ್ವರ ಬಂದರೆ ಒಂದೆರಡು ದಿನಗಳಲ್ಲಿ ಹೋಗುತ್ತದೆ ಎಂದು ಅವರ ಪಕ್ಕದಲ್ಲೇ ಕುಳಿತು ಹೇಳಿದ ರೀತಿ ನನಗೆ ಬಹಳ ಹಿಡಿಸಿತು.

ಶುಶ್ರೂಷಕಿಯವರ ಎಚ್ಚರಿಕೆಯನ್ನಂತೂ ಮರೆಯಲಾರೆ. ಲಸಿಕೆಗಳನ್ನು ತಂಪಾಗಿ ಇಟ್ಟಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದಾಗಲೆಲ್ಲ ಒಳಗಿನ ತಾಪಮಾನ 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ನೋಡಿ, ಬೇಕಾದ ಒಂದೇ ಡೋಸ್ ತೆಗೆದು, ತಕ್ಷಣ ಮುಚ್ಚುತ್ತಿದ್ದರು. ತಂದೆಯವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುತ್ತಾರೆಂದು ವಿಚಾರಿಸಿ ತಿಳಿದವರು, ತೆಳುವಾದ ಸೂಜಿಯನ್ನು ಆರಿಸಿಕೊಂಡು, ಒಂದೊಂದು ತೋಳಿಗೆ ಒಂದೊಂದು ಲಸಿಕೆ ನೀಡಿ, ಚುಚ್ಚಿದ ಜಾಗವನ್ನು ಉಜ್ಜದೆ ಎರಡು ನಿಮಿಷ ತಾವೇ ಹತ್ತಿಯಿಂದ ಒತ್ತಿ ಹಿಡಿದರು. ಸರದಿ ಉದ್ದವಿದ್ದರೂ ಅವರು ಯಾರನ್ನೂ ಅವಸರಪಡಿಸಲಿಲ್ಲ.

ಮೆಟ್ಟಿಲು ಇಳಿಯಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದ ಯುವಕರಿಗೆ, ಮಧುಮೇಹ, ಆಸ್ತಮಾ, ಹೃದ್ರೋಗ ಇರುವವರ ಮನೆಗಳಿಗೆ ಮುಂಚಿತವಾಗಿ ಹೋಗಿ ತಿಳಿಸಿ ಬಂದ ಆರೋಗ್ಯ ಕಾರ್ಯಕರ್ತೆಯರಿಗೆ, ಲಸಿಕೆಯ ನಂತರ ಹದಿನೈದು ನಿಮಿಷ ಎಲ್ಲರನ್ನೂ ಕೂರಿಸಿಕೊಂಡು ಗಮನಿಸಿದ ಸ್ವಯಂಸೇವಕರಿಗೆ ನಮ್ಮ ಮನಃಪೂರ್ವಕ ವಂದನೆಗಳು. ಲಸಿಕೆಯ ರಕ್ಷಣೆ ದೊರೆಯಲು ಸುಮಾರು ಎರಡು ವಾರ ಬೇಕಾಗುವುದರಿಂದ ಮುಂದಿನ ಬಾರಿಯೂ ಶಿಬಿರವನ್ನು ಋತು ಆರಂಭವಾಗುವ ಮೊದಲೇ ಏರ್ಪಡಿಸಬೇಕೆಂದು ವಿನಂತಿಸುತ್ತೇವೆ. ನಡೆಯಲಾಗದ ಹಿರಿಯರನ್ನು ಕರೆತಂದು ಮನೆಗೆ ಬಿಡುವ ಹೊಣೆಯನ್ನು ನಮ್ಮ ಕುಟುಂಬ ವಹಿಸಿಕೊಳ್ಳುತ್ತದೆ.