ರಿಬ್ಬನ್ ಮೈಕ್ ಕೊಳ್ಳಬೇಕಾದದ್ದು ಅದರ ಕಿವುಡುತನಕ್ಕಾಗಿ

ಮಾನ್ಯ ಸಂಪಾದಕರೇ,

ಮನೆಯ ಕೋಣೆಯಲ್ಲೇ ಧ್ವನಿಮುದ್ರಣ ಮಾಡಿಕೊಳ್ಳುವವರಿಗಾಗಿ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಒಂದು ಕಾಲಕ್ಕೆ ದೊಡ್ಡ ಸ್ಟುಡಿಯೋಗಳಲ್ಲಷ್ಟೇ ಕಾಣಸಿಗುತ್ತಿದ್ದ ರಿಬ್ಬನ್ ಮೈಕ್ ಈಗ ಸಾಮಾನ್ಯರ ಕೈಗೆಟುಕುವಂತಾಗಿದೆ ಎಂದು ಲೇಖಕರು ಹೇಳಿದ್ದು ಸಕಾಲಿಕವೇ ಸರಿ. ಆದರೆ ಅದನ್ನು ಕೊಳ್ಳಲು ಅವರು ಕೊಟ್ಟಿರುವ ಒಂದೇ ಕಾರಣ, ದನಿಗೆ ಅದು ಹಳೆಯ ಕಾಲದ ಬಿಸುಪು ತಂದುಕೊಡುತ್ತದೆ ಎಂಬುದು, ಅರ್ಧ ಸತ್ಯ. ಕೊಳ್ಳುವವರಿಗೆ ಕೊಟ್ಟಿರುವ ಒಂದೇ ಎಚ್ಚರಿಕೆ, ಫ್ಯಾಂಟಮ್ ಪವರ್ (ಮೈಕ್ ಒಳಗಿನ ವರ್ಧಕಕ್ಕೆಂದು ಅದರ ಕೇಬಲ್ ಮೂಲಕವೇ ಕಳಿಸುವ ವಿದ್ಯುತ್) ತಗುಲಿದೊಡನೆ ಅದು ಸುಟ್ಟುಹೋಗುತ್ತದೆ ಎಂಬುದು, ಅದೂ ಅರ್ಧ ಸತ್ಯ. ಹತ್ತು ವರ್ಷಗಳಿಂದ ಸಣ್ಣ ಕೋಣೆಯೊಂದರಲ್ಲಿ ಇಂಥ ಅಗ್ಗದ ಮೈಕ್‌ಗಳೊಂದಿಗೆ ಏಗುತ್ತಿರುವವನಾಗಿ ನಾಲ್ಕು ಮಾತು ಸೇರಿಸಲು ಅವಕಾಶ ಕೋರುತ್ತೇನೆ.

ಈ ಮೈಕ್‌ನ ಒಳಗಿರುವುದು ಹೆಚ್ಚೇನಲ್ಲ. ಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ, ಎರಡು ತುದಿಗಳಲ್ಲಿ ಮಾತ್ರ ಹಿಡಿದು ಸಡಿಲವಾಗಿ ನಿಲ್ಲಿಸಿದ, ನೆರಿಗೆ ಹಾಕಿದ ಅಲ್ಯೂಮಿನಿಯಂ ಪಟ್ಟಿಯೊಂದಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 2 ಮೈಕ್ರಾನ್ ಆಸುಪಾಸು; ತಲೆಗೂದಲನ್ನು ಮೂವತ್ತು ಪದರಗಳಾಗಿ ಸೀಳಿದರೆ ಒಂದು ಪದರ ಎಷ್ಟು ತೆಳುವಾದೀತೋ ಅಷ್ಟು. ಶಬ್ದದ ಅಲೆ ಬಂದಾಗ ಗಾಳಿಯೊಡನೆ ಈ ಪಟ್ಟಿಯೂ ಓಲಾಡುತ್ತದೆ, ಅಯಸ್ಕಾಂತದ ಕ್ಷೇತ್ರದಲ್ಲಿ ಓಲಾಡುವ ಲೋಹದಲ್ಲಿ ವಿದ್ಯುತ್ ಹುಟ್ಟುತ್ತದೆ, ಹಾಗೆ ಹುಟ್ಟಿದ ಅತ್ಯಲ್ಪ ವೋಲ್ಟೇಜನ್ನು ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಏರಿಸಿ ಹೊರಗೆ ಕಳಿಸುತ್ತದೆ. 1920ರ ದಶಕದಲ್ಲಿ ಜರ್ಮನಿಯ ವಾಲ್ಟರ್ ಶಾಟ್ಕಿ ಮತ್ತು ಎರ್ವಿನ್ ಗೆರ್ಲಾಖ್ ರೂಪಿಸಿದ, 1930ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯ ಹ್ಯಾರಿ ಓಲ್ಸನ್ ಅವರ ಕೈಯಲ್ಲಿ ಬಾನುಲಿ ಸ್ಟುಡಿಯೋಗಳಿಗೆ ಒಗ್ಗಿದ ಈ ಏರ್ಪಾಡು ಮೂಲದಲ್ಲಿ ಇಂದಿಗೂ ಹಾಗೆಯೇ ಇದೆ. ಬದಲಾದದ್ದು ಅಯಸ್ಕಾಂತ. ಅಂದಿನ ಅಯಸ್ಕಾಂತಗಳ ಬಲ ಕಡಿಮೆಯಿದ್ದುದರಿಂದ ಗಾತ್ರ ದೊಡ್ಡದಿರಬೇಕಾಗಿತ್ತು, ಆರ್‌ಸಿಎ 44ರಂಥ ಮೈಕ್‌ಗಳು ಕಿಲೋಗಟ್ಟಲೆ ತೂಗುತ್ತಿದ್ದವು. 1980ರ ದಶಕದಲ್ಲಿ ನಿಯೋಡಿಮಿಯಂ ಅಯಸ್ಕಾಂತ ಬಂದಮೇಲೆ ಅದೇ ಕೆಲಸವನ್ನು ಮುಷ್ಟಿಯೊಳಗೆ ಹಿಡಿಸುವ ಮೈಕ್ ಮಾಡತೊಡಗಿತು.

ಇನ್ನು ಬಿಸುಪಿನ ಮಾತು. ರಿಬ್ಬನ್ ಮೈಕ್‌ನಲ್ಲಿ ಎತ್ತರದ ಆವರ್ತನಗಳು ಮೆಲ್ಲನೆ ಇಳಿಯುತ್ತಾ ಹೋಗುತ್ತವೆ. ವಿದ್ಯುತ್ ಪೂರೈಕೆಯಿಂದ ನಡೆಯುವ, ಮನೆ ಸ್ಟುಡಿಯೋಗಳಲ್ಲಿ ಸಾಮಾನ್ಯವಾದ ಅನೇಕ ಅಗ್ಗದ ಕಂಡೆನ್ಸರ್ ಮೈಕ್‌ಗಳಲ್ಲಿ ಅದೇ ಜಾಗದಲ್ಲಿ ಒಂದು ಉಬ್ಬು ಇರುತ್ತದೆ, ಸ, ಶ, ಷಗಳು ಕಿವಿಗೆ ಚುಚ್ಚುವುದು ಅದರಿಂದಲೇ. ಆ ಚುಚ್ಚು ಇಲ್ಲದಿರುವುದನ್ನು ನಾವು ಬಿಸುಪು ಎಂದು ಕರೆಯುತ್ತೇವೆ. ಅದರ ಜೊತೆಗೆ, ಬಾಯಿ ಹತ್ತಿರ ಬಂದಷ್ಟೂ ತಗ್ಗಿನ ಸ್ವರಗಳನ್ನು ಹಿಗ್ಗಿಸುವ ಗುಣ ಈ ಮೈಕ್‌ಗೆ ಇತರ ಬಹುಪಾಲು ಮೈಕ್‌ಗಳಿಗಿಂತ ಹೆಚ್ಚು. ಒಂದು ಗೇಣಿಗಿಂತ ಹತ್ತಿರದಿಂದ ಹಾಡಿ ಕೇಳಿಸಿಕೊಂಡವರು ಮೊದಲ ದಿನ ಮರುಳಾಗುತ್ತಾರೆ. ಎರಡನೆಯ ದಿನ ಅದನ್ನು ವಾದ್ಯಗಳ ನಡುವೆ ಕೂಡಿಸಹೊರಟಾಗ ದನಿ ಕಂಬಳಿ ಹೊದ್ದು ಮಲಗಿದಂತೆ ಕೇಳಿ ನಿರಾಶರಾಗುತ್ತಾರೆ. ಇದಕ್ಕೆ ಮದ್ದು ಸುಲಭ. ಮೈಕ್‌ನಿಂದ ಅರ್ಧ ಮೀಟರಿನಷ್ಟು ಹಿಂದೆ ಸರಿಯಬೇಕು, ಬೇಕಿದ್ದರೆ ಆವರ್ತನಗಳನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ಯೂನಲ್ಲಿ ಮೇಲಿನ ಆವರ್ತನಗಳನ್ನು ಧಾರಾಳವಾಗಿ ಎತ್ತಬೇಕು, ಏಕೆಂದರೆ ಉಬ್ಬುತಗ್ಗಿಲ್ಲದ ಇಳಿಜಾರನ್ನು ಎತ್ತಿದರೆ ಅದು ಕರ್ಕಶವಾಗುವುದಿಲ್ಲ. ತುತ್ತೂರಿ, ವಯೊಲಿನ್, ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರ್, ಹರಿತವಾದ ಕಂಠ, ಇವುಗಳ ಮುಂದೆ ಅದು ನಿಜಕ್ಕೂ ಹದವಾಗಿ ನಿಲ್ಲುತ್ತದೆ. ಪಿಸುಮಾತಿನಂತೆ ಹಾಡುವವರಿಗೆ ನಾನಂತೂ ಅದನ್ನು ಶಿಫಾರಸು ಮಾಡಲಾರೆ.

ಲೇಖನ ಪೂರ್ತಿಯಾಗಿ ಬಿಟ್ಟುಬಿಟ್ಟ ಸಂಗತಿ ಬೇರೆಯೇ ಇದೆ, ನನ್ನ ಮಟ್ಟಿಗೆ ಈ ಮೈಕ್ ಕೊಳ್ಳಬೇಕಾದದ್ದು ಅದಕ್ಕಾಗಿಯೇ. ಪಟ್ಟಿಯ ಮುಂದೆಯೂ ಹಿಂದೆಯೂ ತೆರವು ಇರುವುದರಿಂದ ಅದು ಎರಡೂ ಕಡೆ ಸಮನಾಗಿ ಕೇಳಿಸಿಕೊಳ್ಳುತ್ತದೆ. ಪಕ್ಕದಿಂದ ಬಂದ ಶಬ್ದ ಪಟ್ಟಿಯ ಎರಡೂ ಮೈಗಳನ್ನು ಒಟ್ಟಿಗೇ ಒತ್ತುವುದರಿಂದ ಪಟ್ಟಿ ಅಲುಗುವುದೇ ಇಲ್ಲ. ಮೈಕ್ ಯಾವ ದಿಕ್ಕಿನಿಂದ ಎಷ್ಟು ಕೇಳಿಸಿಕೊಳ್ಳುತ್ತದೆ ಎಂಬುದನ್ನು ಚಿತ್ರಿಸಿದರೆ ಎಂಟರ ಆಕಾರ ಮೂಡುತ್ತದೆ, ನಮ್ಮ ಕನ್ನಡದ ೮ ಅಲ್ಲ, ಒಂದರ ಮೇಲೊಂದು ಎರಡು ಸೊನ್ನೆ ಕೂರಿಸಿದ 8. ಮನೆ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಬಳಸುವ, ಮುಖ್ಯವಾಗಿ ಮುಂದಿನ ಶಬ್ದವನ್ನೇ ಕೇಳಿಸಿಕೊಳ್ಳುವ ಕಾರ್ಡಿಯಾಯ್ಡ್ ಮೈಕ್ ಪಕ್ಕದ ಶಬ್ದವನ್ನು ಕೇವಲ 6 ಡೆಸಿಬಲ್ ತಗ್ಗಿಸುತ್ತದೆ. ರಿಬ್ಬನ್ ಮೈಕ್ ಎಡಕ್ಕೆ, ಬಲಕ್ಕೆ, ಅಷ್ಟೇಕೆ ನೇರ ಮೇಲಕ್ಕೆ ಮತ್ತು ಕೆಳಕ್ಕೆ ಕೂಡ ಹೆಚ್ಚುಕಡಿಮೆ ಕಿವುಡು. ಕಂಪ್ಯೂಟರಿನ ಫ್ಯಾನ್ ಗುಂಯ್‌ಗುಡುವ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೈಕ್ ಅನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ, ಒಂದು ಕೋನದಲ್ಲಿ ಆ ಗುಂಯ್ ಎಂಬುದು ತಟ್ಟನೆ ಬಹುಪಾಲು ಮಾಯವಾಗುತ್ತದೆ. ಮೈಕ್ ಅಲ್ಲಿಯೇ ಇರಲಿ, ಹಾಡುವವರನ್ನು ಅದರ ಮುಖದತ್ತ ಸರಿಸಿದರೆ ಸಾಕು. ಗಿಟಾರ್ ನುಡಿಸುತ್ತಲೇ ಹಾಡುವವರ ಕಂಠವನ್ನೂ ವಾದ್ಯವನ್ನೂ ಬೇರೆಬೇರೆ ಮೈಕ್‌ಗಳಲ್ಲಿ ಹಿಡಿಯುವ ಕಷ್ಟ ಬಲ್ಲವರಿಗೆ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ: ಕಂಠದ ಮೈಕ್ ಅನ್ನು ತುಸು ವಾಲಿಸಿ ಅದರ ಕಿವುಡು ಬದಿಯನ್ನು ಗಿಟಾರಿನತ್ತ ತಿರುಗಿಸಿದರೆ ಎರಡೂ ದನಿಗಳು ಸಾಕಷ್ಟು ಪ್ರತ್ಯೇಕವಾಗಿ ಸಿಗುತ್ತವೆ.

ಹಿಂದಕ್ಕೂ ಕಿವಿ ಇರುವ ಮೈಕ್ ಕೋಣೆಯ ಪ್ರತಿಧ್ವನಿಯನ್ನೆಲ್ಲ ಬಾಚಿಕೊಳ್ಳುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುವ ಶಬ್ದಶಕ್ತಿಯಲ್ಲಿ ಎಂಟರ ಆಕಾರದ ಮೈಕ್ ಹಿಡಿಯುವುದು ಮೂರನೆಯ ಒಂದು ಪಾಲು. ಕಾರ್ಡಿಯಾಯ್ಡ್ ಹಿಡಿಯುವುದೂ ಅಷ್ಟೇ ಪಾಲು. ತೊಂದರೆ ಇರುವುದು ಒಟ್ಟು ಮೊತ್ತದಲ್ಲಿ ಅಲ್ಲ, ಬೆನ್ನ ಹಿಂದಿನ ಗೋಡೆಯಲ್ಲಿ. ಮೈಕ್‌ನಿಂದ ಅರ್ಧ ಮೀಟರ್ ಹಿಂದೆ ಬರಿಯ ಗೋಡೆಯಿದ್ದರೆ, ಹಾಡಿದ ದನಿ ಅದಕ್ಕೆ ಬಡಿದು ಒಂದು ಮೀಟರ್ ಹೆಚ್ಚು ದಾರಿ ನಡೆದು, ಸುಮಾರು 3 ಮಿಲಿಸೆಕೆಂಡ್ ತಡವಾಗಿ ಹಿಂಬದಿಯಿಂದ ಮರಳಿ ಬರುತ್ತದೆ, ನೇರ ದನಿಯೊಂದಿಗೆ ಬೆರೆತು ಕೆಲವು ಸ್ವರಗಳನ್ನು ಸೊರಗಿಸಿ ಕೆಲವನ್ನು ಉಬ್ಬಿಸುತ್ತದೆ. ಡಬ್ಬಿಯೊಳಗಿಂದ ಹಾಡಿದಂತಿದೆ ಎಂದು ಮೈಕ್‌ಗೆ ಬೈಯುವವರು ಬಹುಮಟ್ಟಿಗೆ ಬೈಯಬೇಕಾದದ್ದು ಆ ಗೋಡೆಯನ್ನು. ಮೈಕ್ ಅನ್ನು ಕೋಣೆಯ ನಡುವಿನ ಕಡೆಗೆ ತರುವುದು, ಅದರ ಬೆನ್ನ ಹಿಂದೆ ದಪ್ಪನೆಯ ಕಂಬಳಿಗಳನ್ನೋ ಬಟ್ಟೆ ತುಂಬಿದ ಕಪಾಟನ್ನೋ ಇರಿಸುವುದು, ಇಷ್ಟರಿಂದಲೇ ಬಹಳ ಸುಧಾರಿಸುತ್ತದೆ. ಅಂಗೈಯಗಲದ ತೆಳು ಸ್ಪಾಂಜಿನ ತುಣುಕುಗಳನ್ನು ಗೋಡೆಗೆ ಅಂಟಿಸುವುದರಿಂದ ಕೋಣೆ ಸ್ಟುಡಿಯೋದಂತೆ ಕಾಣುತ್ತದೆಯೇ ಹೊರತು ಹಾಗೆ ಕೇಳುವುದಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ಮೈಕ್ ಅಗ್ಗವಾಗಿದ್ದರೂ ಅದರ ಹಸಿವು ಅಗ್ಗವಲ್ಲ. ಸಾಮಾನ್ಯ ಕಂಡೆನ್ಸರ್ ಮೈಕ್ ಒಂದು ಪಾಸ್ಕಲ್ ಒತ್ತಡಕ್ಕೆ, ಅಂದರೆ 94 ಡೆಸಿಬಲ್ ಶಬ್ದಕ್ಕೆ, 10ರಿಂದ 20 ಮಿಲಿವೋಲ್ಟ್ ಕೊಟ್ಟರೆ, ಒಳಗೆ ವರ್ಧಕವಿಲ್ಲದ ರಿಬ್ಬನ್ ಮೈಕ್ ಕೊಡುವುದು ಒಂದೆರಡು ಮಿಲಿವೋಲ್ಟ್ ಮಾತ್ರ. ಮೆಲುದನಿಯನ್ನು ಮುದ್ರಿಸಲು ಅದಕ್ಕೆ 60ರಿಂದ 70 ಡೆಸಿಬಲ್‌ವರೆಗೂ ಗೇನ್, ಅಂದರೆ ವರ್ಧನೆ, ಬೇಕಾಗಬಹುದು, ಮೈಕ್ ಅನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಆಡಿಯೋ ಇಂಟರ್‌ಫೇಸ್‌ಗಳಲ್ಲಿ ಅನೇಕವುಗಳಲ್ಲಿ ಅಷ್ಟು ಇರುವುದಿಲ್ಲ, ಇದ್ದರೂ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ಸೊಯ್ಯೆನ್ನುವ ಸದ್ದು ಮೇಲೇಳುತ್ತದೆ. ಮೇಲೆ ಹೇಳಿದಂತೆ ಹಿಂದೆ ಸರಿದು ಹಾಡಿದರೆ ಗೇನ್ ಇನ್ನೂ ಹೆಚ್ಚು ಬೇಕು: ತೆರೆದ ಜಾಗದ ಲೆಕ್ಕದಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬಲ್ ನಷ್ಟ. ಹೀಗಾಗಿ ಕೊಳ್ಳುವ ಮುನ್ನ ತಮ್ಮ ಇಂಟರ್‌ಫೇಸ್‌ನ ಗರಿಷ್ಠ ಗೇನ್ ಎಷ್ಟೆಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಒಳಿತು. ಸಾಲದಿದ್ದರೆ ಮೈಕ್ ಮತ್ತು ಇಂಟರ್‌ಫೇಸ್ ನಡುವೆ ಜೋಡಿಸುವ, ಇಪ್ಪತ್ತು ಚಿಲ್ಲರೆ ಡೆಸಿಬಲ್ ಏರಿಸಿಕೊಡುವ ಪುಟ್ಟ ವರ್ಧಕಗಳಿವೆ. ಅವುಗಳಲ್ಲಿ ಬಹುಪಾಲು ತಮ್ಮ ಕೆಲಸಕ್ಕೆ ಫ್ಯಾಂಟಮ್ ಪವರ್ ತೆಗೆದುಕೊಂಡು, ಅದು ಮೈಕ್ ತಲುಪದಂತೆ ತಡೆಯುತ್ತವೆ.

ಆ ಫ್ಯಾಂಟಮ್ ಪವರ್ ಕುರಿತೇ ಲೇಖಕರು ಓದುಗರನ್ನು ಅಗತ್ಯಕ್ಕಿಂತ ಹೆಚ್ಚು ಹೆದರಿಸಿದ್ದಾರೆ. ಕೇಬಲ್‌ನ ದನಿಯನ್ನು ಒಯ್ಯುವ 2 ಮತ್ತು 3ನೆಯ ಪಿನ್‌ಗಳೆರಡರಲ್ಲೂ ಒಂದೇ 48 ವೋಲ್ಟ್ ಇರುವುದರಿಂದ, ಕೇಬಲ್ ಸರಿಯಾಗಿದ್ದರೆ ಟ್ರಾನ್ಸ್‌ಫಾರ್ಮರ್‌ನ ಎರಡು ತುದಿಗಳ ನಡುವೆ ವ್ಯತ್ಯಾಸವಿಲ್ಲದೆ ವಿದ್ಯುತ್ ಹರಿಯುವುದೇ ಇಲ್ಲ. ಒಂದು ಎಳೆ ಕಿತ್ತುಹೋದ ಅಥವಾ ತಪ್ಪಾಗಿ ಬೆಸೆದ ಕೇಬಲ್ ಇದ್ದಾಗ, ಇಲ್ಲವೇ ಫ್ಯಾಂಟಮ್ ಪವರ್ ಚಾಲೂ ಇರುವಾಗಲೇ ಕೇಬಲ್ ಸಿಕ್ಕಿಸಿ ಕಿತ್ತಾಗ, ಕ್ಷಣಕಾಲ ಒಂದು ಪಿನ್ ಮಾತ್ರ ತಗುಲಿ ಪಟ್ಟಿಗೆ ಏಟು ಬೀಳಬಹುದು, ಅದು ಹಿಗ್ಗಿ ಜೋತುಬೀಳಬಹುದು. ಆದುದರಿಂದ ಫ್ಯಾಂಟಮ್ ಆರಿಸಿ, ಅರೆನಿಮಿಷ ಕಾದು, ಆಮೇಲೆ ಜೋಡಿಸುವ ಅಭ್ಯಾಸ ಒಳ್ಳೆಯದೇ. ಆದರೆ ಒಳಗೆ ವರ್ಧಕವಿರುವ ಆ್ಯಕ್ಟಿವ್ ರಿಬ್ಬನ್ ಮೈಕ್‌ಗಳೂ ಉಂಟು, ಅವು ಫ್ಯಾಂಟಮ್ ಪವರ್ ಇಲ್ಲದೆ ಕೆಲಸವನ್ನೇ ಮಾಡುವುದಿಲ್ಲ. ಲೇಖನವನ್ನು ನಂಬಿ ಅಂಥದೊಂದನ್ನು ಕೊಂಡವರು ಸ್ವಿಚ್ ಒತ್ತಲು ಅಂಜಿ, ಮೈಕ್ ಕೆಟ್ಟಿದೆಯೆಂದು ಹಿಂತಿರುಗಿಸಿದರೂ ಆಶ್ಚರ್ಯವಿಲ್ಲ.

ನನ್ನ ಅನುಭವದಲ್ಲಿ ವಿದ್ಯುತ್ತಿಗಿಂತ ದೊಡ್ಡ ಶತ್ರು ಗಾಳಿ. ನನ್ನ ಮೊದಲ ರಿಬ್ಬನ್ ಮೈಕ್ ಅನ್ನು ಹಾಳುಮಾಡಿದವನು ನಾನೇ: ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು, ಬೇರೆ ಮೈಕ್‌ಗಳಿಗೆ ಮಾಡುವಂತೆ, ಹತ್ತಿರ ಹೋಗಿ ಉಫ್ ಎಂದು ಊದಿದೆ. ಅಂದಿನಿಂದ ಅದರ ದನಿ ಮಂಕಾಗಿ ಕ್ಷೀಣಿಸಿತು, ಬಿಚ್ಚಿ ನೋಡಿದರೆ ಪಟ್ಟಿಯ ನೆರಿಗೆಗಳು ಬಿಚ್ಚಿಕೊಂಡು ಒಂದು ಬದಿಗೆ ವಾಲಿತ್ತು. ಮುಖಾಮುಖಿ ಹಾಡುವಾಗ ಪ, ಬಗಳೇ ಸಾಕಷ್ಟು ಗಾಳಿ ತಳ್ಳುತ್ತವೆ. ನಮ್ಮ ಫ, ಭಗಳಂಥ ಮಹಾಪ್ರಾಣಗಳನ್ನು ಸ್ಪಷ್ಟವಾಗಿ ಉಚ್ಚರಿಸುವವರಿದ್ದರಂತೂ, ಆ ಶುದ್ಧ ಉಚ್ಚಾರಣೆಗೆ ತಲೆಬಾಗುತ್ತಲೇ, ನಡುವೆ ಗಾಳಿಯ ರಭಸ ತಡೆಯುವ ಜಾಲರಿ, ಅಂದರೆ ಪಾಪ್ ಫಿಲ್ಟರ್ ಇಟ್ಟು ಮೈಕ್ ಅನ್ನು ತುಸು ಓರೆಯಾಗಿಸುವುದು ಕ್ಷೇಮ. ಸ್ಟ್ಯಾಂಡಿನಲ್ಲಿರುವ ಮೈಕ್ ಅನ್ನು ಬರಿದಾಗಿ ಹಿಡಿದು ಕೋಣೆಯಿಂದ ಕೋಣೆಗೆ ಬೀಸುನಡೆಯಲ್ಲಿ ಒಯ್ಯುವುದೂ ಗಾಳಿಯ ಲೆಕ್ಕವೇ. ಒಂದು ಬಟ್ಟೆಯ ಚೀಲ ಮುಚ್ಚಿದರೆ ಮುಗಿಯಿತು.

ಅಗ್ಗದ ಮೈಕ್‌ನಲ್ಲಿ ಅಗ್ಗವಾಗುವುದು ಮುಖ್ಯವಾಗಿ ಟ್ರಾನ್ಸ್‌ಫಾರ್ಮರ್ ಮತ್ತು ಪಟ್ಟಿಯನ್ನು ಬಿಗಿಯುವ ಕೈಕೆಲಸ. ಹೀಗಾಗಿ ಒಂದೇ ಮಾದರಿಯ ಎರಡು ಮೈಕ್‌ಗಳು ಒಂದೇ ತೆರನಾಗಿ ಕೇಳದಿರುವುದುಂಟು. ಕೊಂಡ ದಿನವೇ ಒಂದೇ ದೂರದಿಂದ ಮುಂಬದಿಗೆ ಒಮ್ಮೆ, ಹಿಂಬದಿಗೆ ಒಮ್ಮೆ ಮಾತನಾಡಿ ಮುದ್ರಿಸಿ ಹೋಲಿಸಬೇಕು. ಪಕ್ಕಕ್ಕೆ ನಿಂತು ಮಾತನಾಡಿದಾಗ ದನಿ ಅಡಗುತ್ತದೆಯೇ ನೋಡಬೇಕು. ಚಾರ್ಜರ್‌ಗಳ ಬಳಿ ಹಿಡಿದಾಗ ಗುಂಯ್‌ಗುಡುವುದು ಎಷ್ಟೆಂದು ಕೇಳಬೇಕು. ಕೆಲವು ಮಾದರಿಗಳಲ್ಲಿ ಪಟ್ಟಿಯನ್ನು ಬೇಕೆಂದೇ ಒಂದು ಮುಖಕ್ಕೆ ಹತ್ತಿರವಾಗಿ ಇರಿಸುವುದರಿಂದ ಎರಡು ಬದಿಗಳ ನಡುವೆ ಸ್ವಲ್ಪ ವ್ಯತ್ಯಾಸ ಸಹಜ, ಆದರೆ ಪಕ್ಕದ ಕಿವುಡು ಸರಿಯಾಗಿಲ್ಲದ ಮೈಕ್ ಅನ್ನು ಎಷ್ಟೇ ಅಗ್ಗವಾದರೂ ಇಟ್ಟುಕೊಳ್ಳಬಾರದು.

ಕೊನೆಯದಾಗಿ, ಲೇಖನದೊಂದಿಗೆ ಅಚ್ಚಾದ ಚಿತ್ರದ ಬಗ್ಗೆ ಒಂದು ಮಾತು. ಅದರಲ್ಲಿ ಗಾಯಕರೊಬ್ಬರು ರಿಬ್ಬನ್ ಮೈಕ್‌ನ ತುದಿಗೆ ಬಾಯಿಟ್ಟು ಹಾಡುತ್ತಿದ್ದಾರೆ, ಪಕ್ಕದ ಮೇಜಿನ ಮೇಲೆ ಇನ್ನೊಂದು ಮೈಕ್ ಅಡ್ಡ ಮಲಗಿದೆ. ಈ ಮೈಕ್‌ಗೆ ಹಾಡಬೇಕಾದದ್ದು ಅದರ ಅಗಲ ಮುಖಕ್ಕೆ. ತುದಿಗೆ ಹಾಡಿದರೆ ಅದರ ಕಿವುಡು ಬದಿಗೇ ಹಾಡಿದಂತೆ. ಬಹುಕಾಲ ಅಡ್ಡ ಮಲಗಿಸಿದರೆ ಪಟ್ಟಿ ತನ್ನ ತೂಕಕ್ಕೇ ಜೋತುಬೀಳುತ್ತದೆಂದು ಅದನ್ನು ನಿಲ್ಲಿಸಿಯೇ ಇಡುವುದು ವಾಡಿಕೆ. ಮುಂದಿನ ಕಂತು ಪ್ರಕಟವಾಗುವುದಿದ್ದರೆ ಇವೆರಡನ್ನೂ ತಿದ್ದಿದ ಚಿತ್ರ ಹಾಕಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಓದುಗ