ಮಂತ್ರ ಹಾಕೋನಿಗೂ ಲೆಕ್ಕ ಬೇಕು ಕಣ್ರೀ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ರು ಬರೆದಿದ್ರು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರದ ಆಟದಲ್ಲಿ ಮಂತ್ರವಾದಿಗೆ ದಿನಕ್ಕಿಷ್ಟೇ ಮಂತ್ರ ಅಂತ ಲಿಮಿಟ್ ಹಾಕೋದು ಕಲ್ಪನೆಗೆ ಬೇಲಿ ಹಾಕ್ದಂಗೆ, ಮಾಯ ಅಂದ್ಮೇಲೆ ಲೆಕ್ಕ ಯಾಕೆ ಅಂತ. ಓದ್ತಾ ಓದ್ತಾ ನನ್ನ ಕಾಫಿ ಆರೋಯ್ತು. ನಾವು ಐದು ಜನ ಸರಸ್ವತಿಪುರಂನಲ್ಲಿ ಒಬ್ರ ಮನೆ ತಾರಸಿ ಮೇಲೆ ನಾಲ್ಕು ವರ್ಷದಿಂದ ಶನಿವಾರ ಶನಿವಾರ ಇದೇ ಆಟ ಆಡ್ತಿದೀವಿ, ಇದೇ ವಿಷಯಕ್ಕೆ ಜಗಳಾನೂ ಆಡ್ತಿದೀವಿ, ಹಂಗಾಗಿ ನಂದೂ ಒಂದು ಮಾತು ಇರ್ಲಿ.

ಗೊತ್ತಿಲ್ದೋರಿಗೆ ಹೇಳ್ಬೇಕು ಅಂದ್ರೆ, 1974ರಲ್ಲಿ ಅಮೆರಿಕಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋರು ತಂದ ಆಟ ಇದು. ಡಿಎಂ (ಡಂಜನ್ ಮಾಸ್ಟರ್) ಅಂತ ಒಬ್ರು ಕಥೆ ನಡೆಸ್ತಾರೆ, ಮಿಕ್ಕೋರಿಗೆ ಒಂದೊಂದು ಪಾತ್ರ, ಮಾಡ್ದ ಕೆಲಸ ಆಗುತ್ತೋ ಇಲ್ವೋ ಅಂತ 20 ಮುಖದ ದಾಳ ಹೇಳುತ್ತೆ. ಹಳೇ ರೂಲ್ಸ್‌ನಲ್ಲಿ ಮಂತ್ರವಾದಿ ಪುಸ್ತಕ ನೋಡಿ ಮಂತ್ರ ಬಾಯಿಪಾಠ ಮಾಡ್ಬೇಕಿತ್ತು, ಒಂದ್ಸಲ ಹಾಕಿದ್ರೆ ತಲೆಯಿಂದ ಅಳಿಸೇ ಹೋಗೋದು. 2014ರ ಐದನೇ ಆವೃತ್ತಿಲಿ ಸಡಿಲ ಮಾಡಿದ್ರು, ಮರೆಯಲ್ಲ ಆದ್ರೆ ಸ್ಲಾಟ್, ಅಂದ್ರೆ ದಿನಕ್ಕಿಷ್ಟು ಅಂತ ಸಿಗೋ ಮಂತ್ರದ ಚಾನ್ಸ್, ಖರ್ಚಾಗುತ್ತೆ, ಎಂಟು ಗಂಟೆ ರೆಸ್ಟ್ ಮಾಡಿದ್ರೆ ವಾಪಸ್.

ಇದು ನಮ್ಗೇನು ಹೊಸದಾ? ಕರ್ಣ ಕವಚ ಕುಂಡಲ ಕಿತ್ತು ಕೊಟ್ಟಿದ್ದಕ್ಕೆ ಇಂದ್ರ ಶಕ್ತ್ಯಾಯುಧ ಕೊಟ್ಟ, ಒಂದೇ ಸಲ ಬಳಸ್ಬೋದು ಅನ್ನೋ ಕಂಡೀಷನ್ ಮೇಲೆ. ಅರ್ಜುನನಿಗೇ ಅಂತ ಎತ್ತಿಟ್ಟಿದ್ದ. ರಾತ್ರಿ ಯುದ್ಧದಲ್ಲಿ ಘಟೋತ್ಕಚ ಕೌರವರ ಸೇನೇನ ಹಿಡಿದು ಹಿಂಡ್ತಿದ್ದಾಗ ಎಲ್ರೂ ಕರ್ಣನ್ನೇ ನೋಡಿದ್ರು, ಬೇರೆ ದಾರಿ ಇಲ್ದೆ ಅವನ ಮೇಲೇ ಬಿಟ್ಟ, ಕೃಷ್ಣ ಕುಣಿದ. ಅದೇ ಶಕ್ತಿ ದಿನಾ ಹತ್ತು ಸಲ ಬಿಡಂಗಿದ್ದಿದ್ರೆ ಆ ರಾತ್ರಿಗೆ ಏನ್ ಬೆಲೆ ಇರ್ತಿತ್ತು ಹೇಳಿ. ಕೊನೇ ಸ್ಲಾಟ್ ಇಟ್ಕೊಂಡು ಈಗ ಹಾಕ್ಲಾ ಆಮೇಲೆ ಹಾಕ್ಲಾ ಅಂತ ಒದ್ದಾಡೋದೇ ಈ ಆಟದ ಮಜಾ.

ಹಂಗಂತ ಪುಸ್ತಕದ ರೂಲ್ಸ್ ಇದ್ದುಬಿಟ್ರೆ ಜಗಳ ಇರಲ್ಲ ಅಂತಲ್ಲ. ನಮ್ಮಲ್ಲಿ ಮಂತ್ರವಾದಿ ಪಾತ್ರ ಆಡೋನು ಮಂಡ್ಯದೋನು, ಪಾತ್ರ ಐದನೇ ಲೆವೆಲ್, ಫೈರ್‌ಬಾಲ್ ಅನ್ನೋ ಬೆಂಕಿ ಉಂಡೆ ಮಂತ್ರ ಹಾಕೋಷ್ಟು ದೊಡ್ಡ ಸ್ಲಾಟ್ ದಿನಕ್ಕೆ ಎರಡೇ, ಅದ್ರಲ್ಲಿ ಒಂದು ಉಳಿದಿತ್ತು. ಹತ್ತಡಿ ಅಗಲ ಹತ್ತಡಿ ಎತ್ತರದ ಸುರಂಗ, 60 ಅಡಿ ದೂರದಲ್ಲಿ ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರು, ಹಾಕ್ದ. ಈಗಿನ ರೂಲ್ಸ್ ಪ್ರಕಾರ ಬೆಂಕಿ ಬಿದ್ದ ಜಾಗದಿಂದ ಸುತ್ತ 20 ಅಡಿ ಅಷ್ಟೇ, ನಾವು ಸೇಫ್. ಆದ್ರೆ ನಮ್ಮ ಡಿಎಂ ಇದೇ ಆಟದ 1978ರ ಹಳೇ ರೂಲ್ಸ್ ಪುಸ್ತಕ ಓದ್ಕೊಂಡಿರೋ ಆಸಾಮಿ, ಅದ್ರಲ್ಲಿ ಬೆಂಕಿ ಸುಮಾರು 33,000 ಘನ ಅಡಿ ಜಾಗ ತುಂಬ್ಲೇಬೇಕು, ಸುರಂಗ ಕಿರಿದಾದ್ರೆ ಉದ್ದಕ್ಕೆ ನುಗ್ಗುತ್ತೆ, ಲೆಕ್ಕ ಹಾಕಿದ್ರೆ 330 ಅಡಿ, ಅಂದ್ರೆ ಆ ಕಡೆ ಈ ಕಡೆ ತಲಾ 165. ಆರು ಮುಖದ ಎಂಟು ದಾಳ ಉರುಳಿಸಿ ನಮ್ಮಿಬ್ರ ಪಾತ್ರಗಳನ್ನ ಸುಟ್ಟಾಕ್ದ. ಮಂಡ್ಯದೋನು ಚುರುಮುರಿ ಪೊಟ್ಟಣ ಕೆಳಗಿಟ್ಟು ಒಂದೇ ಮಾತು ಕೇಳಿದ್ದು, "ಅದೆಂಗ್ಲಾ ಈಗ ಏಳ್ತೀಯ, ಬೆಂಕಿ ಆಕಕ್ ಮುಂಚೆ ಏಳ್ಬೇಕು ತಾನೆ?"

ನನ್ನ ವಾದಾನೂ ಅಷ್ಟೇ. ಹಳೇ ರೂಲ್ಸ್ ತಪ್ಪಲ್ಲ, ನಂಗೆ ನಿಜವಾಗ್ಲೂ ಅದೇ ಇಷ್ಟ, ಬೆಂಕಿ ಬೆಂಕಿ ತರ ನಡ್ಕೊಳ್ಳುತ್ತೆ. ಆದ್ರೆ ದಾಳ ಎತ್ಕೊಳ್ಳೋಕೆ ಮುಂಚೆ ಹೇಳಿರ್ಬೇಕು. ಚೌಕಾಬಾರ ಆಡುವಾಗ ನಮ್ಮಜ್ಜಿ ಕವಡೆ ಮುಟ್ಟೋಕೆ ಮುಂಚೆ ಕೇಳೋರು, ಕಾಯಿ ಕಡೀದೆ ಒಳಗಿನ ಮನೆಗೆ ಬಿಡ್ತೀರಾ ಇಲ್ವಾ, ನಿಮ್ಮನೇಲಿ ಹೆಂಗೆ ಅಂತ. (ಮುಮ್ಮಡಿ ಕೃಷ್ಣರಾಜ ಒಡೆಯರ ಊರಿದು ಸ್ವಾಮಿ, ಅರಸರೇ ಕೂತು ಹೊಸ ಹೊಸ ಆಟ ಕಟ್ಟಿದ್ರು, ರೂಲ್ಸ್‌ಗೆ ತಲೆ ಕೆಡಿಸ್ಕೊಂಡ್ರೆ ನಗಬೇಡಿ.) ಪತ್ರ ಬರೆದೋರಿಗೆ ಲಿಮಿಟ್ ಬೇಡ್ವಾ, ಆಡ್ಲಿ, ಆದ್ರೆ ಮಂತ್ರಕ್ಕೆ ಸುಸ್ತೋ ರಕ್ತವೋ ದುಡ್ಡೋ ಏನಾದ್ರೂ ಒಂದು ಬೆಲೆ ಇಡಿ, ಇಲ್ಲಾಂದ್ರೆ ಪಕ್ಕದಲ್ಲಿ ಕತ್ತಿ ಹಿಡ್ಕೊಂಡಿರೋ ಪಾತ್ರದೋನು ಸುಮ್ನೆ ಮೊಬೈಲ್ ನೋಡ್ತಾ ಕೂರ್ತಾನೆ, ನಾನು ಕೂತಿದೀನಿ.

ಮುಂದಿನ ಶನಿವಾರ ಅದೇ ಸುರಂಗಕ್ಕೆ ವಾಪಸ್ ಹೋಗ್ತಿದೀವಿ. ಪತ್ರ ಬರೆದೋರು ಮೈಸೂರಿನೋರೇ ಆಗಿದ್ರೆ ಬನ್ನಿ, ಒಂದು ಕುರ್ಚಿ ಖಾಲಿ ಇದೆ, ಮಂತ್ರವಾದಿ ಪಾತ್ರ ಮಾತ್ರ ಕೇಳ್ಬೇಡಿ, ಮಂಡ್ಯದೋನು ಬಿಟ್ಟು ಕೊಡಲ್ಲ.

— ನಿಮ್ಮ ಓದುಗ, ಸರಸ್ವತಿಪುರಂ, ಮೈಸೂರು